ಕೆಡವೋದಾ, ಉಳಿಸೋದಾ: ನಮ್ಮ ಲೈಬ್ರರಿಯ ಲೆಕ್ಕ

ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಪೋಲ್ ಹಾಕಿದರು. ಲೈಬ್ರರಿ ಕಟ್ಟಡವನ್ನು ರಿಪೇರಿ ಮಾಡಿಸಬೇಕಾ, ಕೆಡವಿ ಹೊಸದು ಕಟ್ಟಬೇಕಾ? ಒಂದನ್ನು ಒತ್ತಿ. ಸಂಜೆಯೊಳಗೆ ಹೊಸದರ ಕಡೆಗೆ ಪಟಪಟ ಅಂತ ವೋಟು ಬಿದ್ದವು. ಅಲ್ಲಿ ಕೂತು ಓದಿ ಕೆಲಸ ಗಿಟ್ಟಿಸಿಕೊಂಡ ಒಂದಷ್ಟು ಜನ ರಿಪೇರಿಗೆ ಒತ್ತಿ, ಜೊತೆಗೆ ಕೈಮುಗಿಯುವ ಎಮೋಜಿಯನ್ನೂ ಹಾಕಿದರು. ನಾನು ಯಾವುದನ್ನೂ ಒತ್ತಲಿಲ್ಲ. ಪ್ರಶ್ನೆಯೇ ಯಾಕೋ ಸರಿ ಇಲ್ಲ ಅನ್ನಿಸಿತು. ಏನು ಸರಿ ಇಲ್ಲ ಅಂತ ಆಗ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆಮೇಲೆ ಆ ಕಟ್ಟಡದ ಒಳಗೆ, ಹಿಂದೆ, ಮೇಲೆ ಓಡಾಡಿ, ತಿಳಿದವರ ಹತ್ತಿರ ಮಾತಾಡಿದ ಮೇಲೆ ಒಂದಿಷ್ಟು ಸ್ಪಷ್ಟವಾಯಿತು.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಓಡಾಡಿದವರಿಗೆ ಇಂಥ ಕಟ್ಟಡ ಗೊತ್ತೇ ಇರುತ್ತದೆ. ರಸ್ತೆಗೆ ಮುಖ ಮಾಡಿದ ಒಂದು ದೊಡ್ಡ ಹಾಲ್. ಸೈಜುಗಲ್ಲಿನ ದಪ್ಪ ಗೋಡೆ, ಎತ್ತರದ ಕಿಟಕಿ, ಮೇಲೆ ಮದ್ರಾಸ್ ತಾರಸಿ. ರಾಜ್ಯ ಒಂದಾಗುವುದಕ್ಕೂ ಮುಂಚಿನದು. ಅದರ ಬೆನ್ನಿಗೆ ಎಂಬತ್ತರ ದಶಕದಲ್ಲಿ ಸೇರಿಸಿದ ಎರಡು ಅಂತಸ್ತಿನ ಆರ್‌ಸಿಸಿ ಮೋಲ್ಡ್. ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಓದುವ ಹಿರಿಯರು. ಹತ್ತು ಗಂಟೆಯಾದರೆ ಹಿಂದಿನ ಭಾಗದಲ್ಲಿ ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಊಟದ ಡಬ್ಬಿ, ನೀರಿನ ಬಾಟಲಿ ಇಟ್ಟುಕೊಂಡು ಸಂಜೆವರೆಗೂ ಕದಲುವುದಿಲ್ಲ. ಪಿಜಿ ರೂಮಿನಲ್ಲಿ ನಾಲ್ಕು ಜನರ ಜೊತೆ ಇರುವವರಿಗೆ ಓದಲು ಬೇರೆ ಜಾಗ ಎಲ್ಲಿದೆ? ಮಳೆಗಾಲ ಬಂದರೆ ಹಾಲ್‌ನಲ್ಲಿ ಅಲ್ಲಲ್ಲಿ ಬಕೆಟ್ ಇಡುತ್ತಾರೆ. ಹಿಂದಿನ ಭಾಗದಲ್ಲಿ ಒಂದು ದಿನ ಸೀಲಿಂಗಿನಿಂದ ಅಂಗೈಯಗಲದ ಕಾಂಕ್ರೀಟ್ ಚಕ್ಕೆ ಕಳಚಿ ನಿಯತಕಾಲಿಕೆಗಳ ಸ್ಟ್ಯಾಂಡಿನ ಮೇಲೆ ಬಿತ್ತು. ಸದ್ಯ, ಯಾರೂ ಇರಲಿಲ್ಲ. ಪೋಲ್ ಬಂದಿದ್ದು ಆಮೇಲೆ.

ಬಡಾವಣೆಯವರೆಲ್ಲ ಇದನ್ನು ‘ಹಳೇ ಬಿಲ್ಡಿಂಗ್’ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಆದರೆ ಅಲ್ಲಿರುವುದು ಎರಡು ಕಟ್ಟಡ. ಎರಡರ ವಯಸ್ಸು ಬೇರೆ, ಹುಟ್ಟು ಬೇರೆ, ರೋಗವೂ ಬೇರೆ.

ಬಣ್ಣ ತಿರುಗದ ಕಾಂಕ್ರೀಟು

ಚಕ್ಕೆ ಬಿದ್ದ ಮೇಲೆ ಬಡಾವಣೆಯ ಸಂಘದವರು ಪರಿಚಯದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹುಡುಗಿಯನ್ನು ಕರೆಸಿದರು. ಆಕೆ ಬಂದವಳೇ ಹೆಚ್ಚು ಮಾತಾಡಲಿಲ್ಲ. ಏಣಿ ಹಾಕಿಸಿಕೊಂಡು ಸೀಲಿಂಗನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದಳು. ಕೆಲವು ಕಡೆ ಟಣ್ ಅಂತ ಗಟ್ಟಿ ಸದ್ದು. ಕೆಲವು ಕಡೆ ಡಬ್ ಡಬ್ ಅಂತ ಟೊಳ್ಳು ಸದ್ದು. ಟೊಳ್ಳು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕೆಳಗಿನಿಂದ ನೋಡಿದರೆ ಅರ್ಧ ಸೀಲಿಂಗಿಗೆ ಗೆರೆಯೇ ಗೆರೆ. ಆಮೇಲೆ ಒಂದು ಕಡೆ ಕೆತ್ತಿ ಹೊಸ ಮೈ ತೆಗೆದು, ಬ್ಯಾಗಿನಿಂದ ಸ್ಪ್ರೇ ಬಾಟಲಿ ತೆಗೆದು ಪಿಚ್ ಅಂತ ಹೊಡೆದಳು.

“ಇದು ಫಿನಾಲ್ಫ್ಥಲೀನ್ ಸರ್. ಪಿಯುಸಿ ಲ್ಯಾಬಲ್ಲಿ ಟೈಟ್ರೇಷನ್ ಮಾಡ್ತಿದ್ರಲ್ಲ, ಅದೇ. ಕಾಂಕ್ರೀಟ್ ಆರೋಗ್ಯವಾಗಿದ್ರೆ ಗುಲಾಬಿ ಬಣ್ಣಕ್ಕೆ ತಿರುಗತ್ತೆ.”

ತಿರುಗಲಿಲ್ಲ. ಕಂಬಿಯ ತನಕ ಬೂದು ಬೂದಾಗಿಯೇ ಇತ್ತು. ಕಂಬಿಯಿಂದಲೂ ಒಳಗೆ, ಇನ್ನೂ ಆಳದಲ್ಲಿ, ತೆಳುವಾಗಿ ಗುಲಾಬಿ ಕಾಣಿಸಿತು. ಆಕೆ ಅದನ್ನು ಬೆರಳಿನಲ್ಲಿ ತೋರಿಸಿ, ನಾವೆಲ್ಲ ನೋಡಿದೆವು ಅಂತ ಖಾತ್ರಿಯಾದ ಮೇಲೆ ಫೋಟೊ ತೆಗೆದುಕೊಂಡಳು.

ಹೊಸ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ. ಅದರ ಪಿಎಚ್ 12ರಿಂದ 13ರಷ್ಟು ಇರುತ್ತದೆ. ಆ ಕ್ಷಾರ ಇರುವ ತನಕ ಒಳಗಿನ ಕಂಬಿಗೆ ತುಕ್ಕು ಹತ್ತುವುದಿಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಪಿಎಚ್ 9ರ ಸುತ್ತಮುತ್ತ ಬಂದು, ಜೊತೆಗೆ ತೇವವೂ ಸಿಕ್ಕರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಉಬ್ಬಿ, ಕೆಳಗಿನ ಕಾಂಕ್ರೀಟನ್ನು ತಳ್ಳಿ ಬೀಳಿಸುತ್ತದೆ. ಸ್ಲ್ಯಾಬಿನಲ್ಲಿ ಕಂಬಿಯ ಕೆಳಗೆ ಕಡೇ ಪಕ್ಷ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ನಮ್ಮ ಲೈಬ್ರರಿಯಲ್ಲಿ ಕೆಲವು ಕಡೆ ಅದರ ಅರ್ಧವೂ ಇರಲಿಲ್ಲ. ಮೋಲ್ಡ್ ಹಾಕುವ ದಿನ ಕಂಬಿಯನ್ನು ಎತ್ತಿ ಹಿಡಿಯಲು ಕೆಳಗೆ ಸಿಮೆಂಟ್ ಬಿಲ್ಲೆ ಇಡುವುದನ್ನು ಯಾರೋ ಬಿಟ್ಟಿದ್ದರು. ಅದರ ಬಡ್ಡಿ ಈಗ ಕಟ್ಟಬೇಕು.

ಒಂದೆರಡು ಕಡೆ ಹೀಗಾಗಿದ್ದರೆ ಕೆತ್ತಿ, ಕಂಬಿ ಉಜ್ಜಿ, ತುಕ್ಕು ತಡೆಯುವುದನ್ನು ಬಳಿದು, ಪಾಲಿಮರ್ ಗಾರೆ ತುಂಬಬಹುದು. ಪಿಲ್ಲರ್‌ಗಳಿಗೆ ಜ್ಯಾಕೆಟಿಂಗ್, ಅಂದರೆ ಸುತ್ತಲೂ ಹೊಸ ಕಾಂಕ್ರೀಟಿನ ಕವಚ, ಮಾಡಬಹುದು. ಆದರೆ ಅರ್ಧ ಸೀಲಿಂಗ್ ಟೊಳ್ಳಾಗಿ, ಕಂಬಿ ಸವೆದು ಹೋಗಿದ್ದರೆ? “ಮಾಡಬಹುದು ಸರ್. ಆದ್ರೆ ಐದಾರು ವರ್ಷಕ್ಕೆ ಮತ್ತೆ ಇದೇ ಏಣಿ ಹಾಕ್ತೀರಿ” ಅಂದಳು. ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದ ಉರುಟು ತುಂಡು, ತೆಗೆದು ಟೆಸ್ಟ್ ಮಾಡಿಸದೆ ಬರೆದು ಕೊಡುವುದಿಲ್ಲ ಅಂತಲೂ ಹೇಳಿದಳು. ಆಕೆಯ ಮೇಲೆ ನನಗೆ ನಂಬಿಕೆ ಬಂದಿದ್ದು ಆ ಮಾತಿನಿಂದಲೇ.

ತಾರಸಿಯ ಮೇಲೆ

ಹಾಲ್‌ನ ಮೇಲಕ್ಕೆ ಹತ್ತಿದ್ದು ಬೇರೆ ದಿನ, ಒಬ್ಬ ಹಿರಿಯ ಮೇಸ್ತ್ರಿಯ ಜೊತೆ. ಹಳೇ ಮನೆಗಳ ಕೆಲಸ ಮಾಡಿ ಪಳಗಿದ ಮನುಷ್ಯ. ಮೇಲೆ ಹೋಗಿ ನೋಡಿದರೆ ತಾರಸಿ ತೋಟವಾಗಿತ್ತು. ಮೂಲೆಯಲ್ಲಿ ಸೊಂಟದೆತ್ತರದ ಅರಳಿ ಗಿಡ. ಅದರ ಬೇರು ಪ್ಯಾರಪೆಟ್ ಗೋಡೆಯ ಬಿರುಕಿನಲ್ಲಿ ಇಳಿದಿತ್ತು. ಮಳೆ ನೀರು ಇಳಿಯುವ ತೂತುಗಳ ಮುಂದೆ ಕೊಳೆತ ಎಲೆ, ತೆಂಗಿನ ಗರಿ, ಹಾಲಿನ ಕವರ್, ಒಂದು ಟೆನಿಸ್ ಬಾಲ್. ಮೇಸ್ತ್ರಿ ಒಂದು ಕಡ್ಡಿ ಹಾಕಿ ಕೆದಕಿದರು. ಕಪ್ಪು ಕೆಸರು ಬುಳಕ್ ಅಂತ ಕೆಳಗೆ ಇಳಿಯಿತು. ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ನಿಂತ ನೀರು ಇನ್ನೆಲ್ಲಿಗೆ ಹೋಗಬೇಕು ಪಾಪ, ಕೆಳಗೆ ಬಕೆಟ್ಟಿಗೇ.

ಮದ್ರಾಸ್ ತಾರಸಿ ಅಂದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲು ಹಿಡಿದು, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಾರೆ. ಅದರಲ್ಲಿ ಕಂಬಿಯೇ ಇಲ್ಲ, ಹಾಗಾಗಿ ಕಂಬಿಯ ತುಕ್ಕೂ ಇಲ್ಲ. ಅದರ ಶತ್ರುಗಳು ಬೇರೆ. ನಿಂತ ನೀರು, ಗೆದ್ದಲು, ಮತ್ತೆ ಅವಸರದ ರಿಪೇರಿ. ನಮ್ಮ ತಾರಸಿಗೆ ಪ್ರತಿ ಸಲ ಸೋರಿದಾಗಲೂ ಒಂದೊಂದು ಪದರ ಸಿಮೆಂಟ್ ಬಳಿದಿದ್ದರು. ಮೇಸ್ತ್ರಿ ಗಡಾರಿಯಿಂದ ಒಂದು ತುಂಡು ಎಬ್ಬಿಸಿ ತೋರಿಸಿದರು. ಸಿಮೆಂಟು, ಅದರ ಕೆಳಗೆ ಕಪ್ಪು ಶೀಟು, ಅದರ ಕೆಳಗೆ ಮತ್ತೆ ಸಿಮೆಂಟು. ಅಷ್ಟರ ಕೆಳಗೆ ಹಳೇ ಸುಣ್ಣದ ಕೆಲಸ, ಕೈಯಲ್ಲಿ ಹಿಡಿದರೆ ತಣ್ಣಗೆ, ಒದ್ದೆಯಾಗಿ.

“ಸುಣ್ಣ ನೀರು ಕುಡಿಯುತ್ತೆ, ಆಮೇಲೆ ಬಿಸಿಲಿಗೆ ಬಿಟ್ಟುಬಿಡುತ್ತೆ ಸಾರ್. ಇವ್ರು ಮೇಲೆ ಸಿಮೆಂಟ್ ಹಾಕಿ ಮುಚ್ಚಿದ್ರು. ಒಳಗೆ ಹೋಗಿದ್ದು ಆಚೆ ಬರೋಕೆ ಆಗ್ತಿಲ್ಲ. ಭಾರ ಬೇರೆ.”

ಕೆಳಗೆ ಬಂದು ತೊಲೆಗಳ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಚುಚ್ಚಿ ನೋಡಿದರು. ಗೋಡೆಯ ಒಳಗೆ ಕೂತಿರುವ ತುದಿಯೇ ಮೊದಲು ಕೊಳೆಯುವುದಂತೆ. ಅರಳಿ ಗಿಡ ಇದ್ದ ಮೂಲೆಯ ಎರಡು ತೊಲೆಗಳ ತುದಿ ಬೆಣ್ಣೆಯಷ್ಟು ಮೆತ್ತಗಿದ್ದವು. ಉಳಿದ ಕಡೆ ಸ್ಕ್ರೂಡ್ರೈವರ್ ಜಾರಿತು, ಒಳಗೆ ಹೋಗಲಿಲ್ಲ. ಗೋಡೆಯಲ್ಲಿ ಪ್ಯಾರಪೆಟ್ ಬಿಟ್ಟರೆ ದೊಡ್ಡ ಬಿರುಕಿಲ್ಲ.

ಹಳೇದು ಗಟ್ಟಿ, ಹೊಸದು ಜೊಳ್ಳು ಅಂತ ಇದರಿಂದ ಹೇಳಲು ಹೊರಟಿಲ್ಲ. ಹಳೇದೆಲ್ಲ ಗಟ್ಟಿ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ನಮ್ಮ ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ 2017ರಲ್ಲಿ ಕುಸಿಯಿತು. ಕೆಡವೋದಾ ಉಳಿಸೋದಾ ಅಂತ ನಾವು ಚರ್ಚೆ ಮಾಡುತ್ತಾ ಕೂತಿರುವಾಗ ಕಟ್ಟಡ ತಾನೇ ತೀರ್ಮಾನ ಮಾಡಿಬಿಡುತ್ತದೆ. ಹಾಗಾಗಿ ಸುಮ್ನೆ ಇಟ್ಟುಕೊಂಡು ಕೂರುವುದನ್ನು ಉಳಿಸುವುದು ಅಂತ ನಾನು ಒಪ್ಪುವುದಿಲ್ಲ.

ಅರ್ಧದ ಲೆಕ್ಕ

ಎಂಜಿನಿಯರ್‌ಗಳ ಬಾಯಲ್ಲಿ ಓಡಾಡುವ ಒಂದು ಮಾತಿದೆ. ರಿಪೇರಿ ಖರ್ಚು ಹೊಸದರ ಖರ್ಚಿನ ಅರ್ಧ ದಾಟಿದರೆ ಕೆಡವಿಬಿಡಿ. ಕೇಳಲು ಸರಿಯಾಗಿಯೇ ಇದೆ. ಆದರೆ ಎರಡೂ ಕಡೆಯ ಲೆಕ್ಕಕ್ಕೆ ಏನೇನು ಸೇರಿಸಿದ್ದಾರೆ ಅಂತ ನೋಡಬೇಕು.

ಹೊಸ ಕಟ್ಟಡ ಅಂದ ಕೂಡಲೇ ಚದರಡಿಗೆ ಇಷ್ಟು ಅಂತ ಗುಣಿಸಿ ಒಂದು ಮೊತ್ತ ಹೇಳುತ್ತಾರೆ. ಕೆಡವುವ ಕೂಲಿ, ಅವಶೇಷ ಸಾಗಿಸುವ ಲಾರಿ, ಪುಸ್ತಕಗಳನ್ನು ಇಡುವ ಗೋದಾಮು, ತಾತ್ಕಾಲಿಕ ಜಾಗದ ಬಾಡಿಗೆ, ಕೆಲಸ ಎಳೆದಷ್ಟೂ ಏರುವ ದರ ಇದಾವುದೂ ಆ ಗುಣಾಕಾರದಲ್ಲಿ ಇರುವುದಿಲ್ಲ. ಕಲ್ಲು ಮಣ್ಣು ತುಂಬಿದ ಲಾರಿಗಳು ರಾತ್ರಿ ಹೊತ್ತು ಯಾವ ಕೆರೆಯಂಗಳಕ್ಕೆ ಹೋಗುತ್ತವೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಸಿಮೆಂಟಿನ ಲೆಕ್ಕ ಇನ್ನೊಂದು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ನಿಂತಿರುವ ಗೋಡೆಗೆ ಆ ಖರ್ಚು ಮುಗಿದು ಹೋಗಿದೆ.

ರಿಪೇರಿಯ ಕಡೆಯವರೂ ಏನೂ ಕಮ್ಮಿ ಇಲ್ಲ. ಅವರ ಎಸ್ಟಿಮೇಟ್ ಯಾವಾಗಲೂ ಕಡಿಮೆಯೇ ಇರುತ್ತದೆ. ಪ್ಲಾಸ್ಟರ್ ಕೆತ್ತಿದ ಮೇಲೆ ತಾನೆ ಒಳಗಿನದು ಕಾಣುವುದು? ಎರಡು ತೊಲೆ ಅಂದಿದ್ದು ನಾಲ್ಕಾಗುತ್ತದೆ. ಸುಣ್ಣದ ಕೆಲಸ ಅಗ್ಗವೂ ಅಲ್ಲ, ಬೇಗವೂ ಆಗುವುದಿಲ್ಲ. ಸುಣ್ಣ ಕೊಳೆ ಹಾಕಬೇಕು, ಹದ ಬರುವ ತನಕ ಕಾಯಬೇಕು, ಗಟ್ಟಿಯಾಗಲು ಇನ್ನೂ ಕಾಯಬೇಕು. ಆ ಕೈಕೆಲಸ ಬಲ್ಲವರು ಎಷ್ಟು ಜನ ಉಳಿದಿದ್ದಾರೆ? ಕಡಿಮೆ ದರ ಬರೆದವನಿಗೇ ಟೆಂಡರ್ ಕೊಟ್ಟರೆ ಆತ ಮತ್ತೆ ಸಿಮೆಂಟ್ ಮೂಟೆಯೇ ಹೊತ್ತು ತರುತ್ತಾನೆ. ತಪ್ಪು ರಿಪೇರಿಗಿಂತ ಏನೂ ಮಾಡದಿರುವುದೇ ವಾಸಿ ಅಂತ ಆ ತಾರಸಿ ನೋಡಿದ ಮೇಲೆ ನನಗನ್ನಿಸಿದೆ.

ಇದೆಲ್ಲಕ್ಕಿಂತ ಮುಖ್ಯ, ದುಡ್ಡು ಯಾವ ತಲೆಬರಹದಲ್ಲಿ ಬರುತ್ತದೆ ಅನ್ನುವುದು. ಸರ್ಕಾರದ ಲೆಕ್ಕದಲ್ಲಿ ಹೊಸ ಕಟ್ಟಡ ಬಂಡವಾಳ ವೆಚ್ಚ. ಪೈಪ್ ಸ್ವಚ್ಛ ಮಾಡುವುದು, ಗಿಡ ಕೀಳುವುದು, ಸುಣ್ಣ ಹೊಡೆಸುವುದು ರಾಜಸ್ವ ವೆಚ್ಚ. ಮೊದಲನೆಯದಕ್ಕೆ ಗುದ್ದಲಿ ಪೂಜೆ ಇದೆ, ಹೆಸರು ಕೊರೆದ ಕಲ್ಲಿದೆ, ಪೇಪರಿನಲ್ಲಿ ಫೋಟೊ ಇದೆ. ಎರಡನೆಯದಕ್ಕೆ ಏನಿದೆ? ಒಂದು ಗಡಾರಿ, ಒಬ್ಬ ಆಳು, ಮಳೆಗಾಲಕ್ಕೆ ಮುಂಚೆ ಅರ್ಧ ದಿನದ ಕೂಲಿ. ಆಸ್ತಿ ತೆರಿಗೆ ಕಟ್ಟುವಾಗ ಶೇ 6ರಷ್ಟು ಗ್ರಂಥಾಲಯ ಕರವನ್ನೂ ನಾವು ಸೇರಿಸಿಯೇ ಕಟ್ಟುತ್ತೇವೆ. ಆದರೂ ಆ ಅರ್ಧ ದಿನದ ಕೂಲಿ ಯಾವ ಕಡತದಿಂದ ಬರಬೇಕು ಅಂತ ಯಾರೂ ಹೇಳಲಿಲ್ಲ. ಪಾಲಿಕೆ ಬೇರೆ 2025ರಲ್ಲಿ ಒಂದಿದ್ದದ್ದು ಐದಾಗಿದೆ. ಜಾಗ ಯಾರ ಹೆಸರಿನಲ್ಲಿದೆ, ಕಟ್ಟಡ ಯಾರದ್ದು, ಪುಸ್ತಕ ಯಾರದ್ದು ಅಂತ ಹುಡುಕುವುದೇ ಒಂದು ಕೆಲಸ.

ನಡುವಿನ ವರ್ಷಗಳು

ಪೋಲ್‌ನಲ್ಲಿ ಹೊಸದಕ್ಕೆ ಒತ್ತಿದವರ ಕಣ್ಣ ಮುಂದೆ ಇದ್ದಿದ್ದು ಮುಗಿದು ನಿಂತ ಕಟ್ಟಡ. ಲಿಫ್ಟು, ಎಸಿ, ಗಾಜಿನ ಬಾಗಿಲು. ಆದರೆ ಕೆಡವಿದ ದಿನಕ್ಕೂ ಆ ಬಾಗಿಲು ತೆರೆಯುವ ದಿನಕ್ಕೂ ನಡುವೆ ಇರುವ ಕಾಲ ಎಷ್ಟು? ಮಲ್ಲೇಶ್ವರದ ಹಳೇ ಮಾರುಕಟ್ಟೆ ಕೆಡವಿದ ಮೇಲೆ ಏನಾಯಿತು ಅಂತ ಸಂಪಿಗೆ ರಸ್ತೆಯಲ್ಲಿ ಹೂವು, ತರಕಾರಿ ಕೊಂಡವರಿಗೆಲ್ಲ ಗೊತ್ತು. ವರ್ಷಗಟ್ಟಲೆ ವ್ಯಾಪಾರ ಫುಟ್‌ಪಾತಿನ ಮೇಲೇ ನಡೆಯಿತು. ವ್ಯಾಪಾರಿಗಳಾದರೆ ಗಿರಾಕಿ ಹುಡುಕಿಕೊಂಡು ಬರುತ್ತಾನೆ ಅಂತ ಬಿಸಿಲಲ್ಲಿ ಕೂತರು. ಪರೀಕ್ಷೆಗೆ ಓದುವ ಹುಡುಗಿ ಎಲ್ಲಿ ಕೂರಬೇಕು? ಆಕೆಗೆ ವಯೋಮಿತಿ ಇದೆ, ಅಧಿಸೂಚನೆ ಬರುವುದೇ ಅಪರೂಪ. ಲೈಬ್ರರಿ ಇಲ್ಲದ ನಾಲ್ಕು ವರ್ಷ ಅಂದರೆ ಆಕೆಯ ಮಟ್ಟಿಗೆ ಲೈಬ್ರರಿಯೇ ಇಲ್ಲ ಅಂತ ಲೆಕ್ಕ. ಹೊಸ ಕಟ್ಟಡದ ಉದ್ಘಾಟನೆಗೆ ಬರುವವರು ಬೇರೆಯವರು.

ನನಗೆ ಈ ಪೋಲ್ ಸರಿ ಇಲ್ಲ ಅನ್ನಿಸಿದ್ದು ಇದಕ್ಕೇ ಇರಬೇಕು. ಇಡೀ ಕಟ್ಟಡವನ್ನು ಒಂದೇ ಏಟಿಗೆ ಉಳಿಸು ಅಥವಾ ಬೀಳಿಸು ಅಂದರೆ ಎರಡೂ ಉತ್ತರ ತಪ್ಪೇ. ಹಿಂದಿನ ಮೋಲ್ಡ್ ಭಾಗವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕೋರ್ ಟೆಸ್ಟಿನಲ್ಲೂ ಅದೇ ಬಂದರೆ ಕೆಡವಿ, ಅಲ್ಲೇ ಗಟ್ಟಿಯಾಗಿ ಹೊಸದು ಕಟ್ಟಲಿ. ಅಷ್ಟು ದಿನ ಮುಂದಿನ ಹಾಲ್‌ನಲ್ಲಿ ಒತ್ತೊತ್ತಾಗಿ ಕೂರಬಹುದು. ಅದಕ್ಕೆ ಮೊದಲು ಹಾಲ್‌ನ ತಾರಸಿ, ಎರಡು ತೊಲೆ, ಪ್ಯಾರಪೆಟ್ ಸರಿ ಮಾಡಬೇಕು. ಮೊದಲು ಹಾಲ್, ಆಮೇಲೆ ಹಿಂಭಾಗ. ಬಾಗಿಲು ಒಂದು ದಿನವೂ ಪೂರ್ತಿ ಮುಚ್ಚುವುದು ಬೇಡ. ನಿವೃತ್ತ ಮೇಷ್ಟ್ರೊಬ್ಬರು ಸಂಘದ ಸಭೆಯಲ್ಲಿ ಹೇಳಿದ ಹಾಗೆ, ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋದು ಬೇಡ, ಆದ್ರೆ ಬೆರಳು ಕೊಳೆತಿದ್ರೆ ಬೆರಳು ತೆಗೀಲೇಬೇಕು.

ಇದೇನೂ ಹೊಸ ಬುದ್ಧಿವಂತಿಕೆಯಲ್ಲ. ಬೆಂಗಳೂರಿನಲ್ಲೇ ಆಗಿದೆ. 1868ರ ಅಟ್ಟಾರ ಕಚೇರಿಯನ್ನು, ಅಂದರೆ ಹೈಕೋರ್ಟಿನ ಕೆಂಪು ಕಟ್ಟಡವನ್ನು, ಎಂಬತ್ತರ ದಶಕದಲ್ಲಿ ಕೆಡವುವ ಮಾತು ಬಂದಿತ್ತು. ಜನ ಅರ್ಜಿ ಹಾಕಿದ್ದು ಅದೇ ಹೈಕೋರ್ಟಿಗೆ. ಕಟ್ಟಡ ಉಳಿಯಿತು. ಕೋರ್ಟಿಗೆ ಬೇಕಾದ ಜಾಗವನ್ನು ಅದರ ಹಿಂದೆ ಕಟ್ಟಿಕೊಂಡರು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಹಳೇ ಬಂಗಲೆ ಹಾಗೇ ಇದೆ. ಪಕ್ಕದಲ್ಲಿ ಹೊಸ ಭಾಗ ಸೇರಿದೆ. ಹೊಸದು ಹಳೆಯದರ ವೇಷ ಹಾಕಿಕೊಂಡಿಲ್ಲ, ಅದೇ ನನಗೆ ಇಷ್ಟ. ಲೈಬ್ರರಿ ಅಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವೇ ಇದೆಯಲ್ಲ. 1915ರದ್ದು, ಇವತ್ತಿಗೂ ಒಳಗೆ ಜನ ಓದುತ್ತಾರೆ.

ಮೆಟ್ಟಿಲು

ಇಷ್ಟನ್ನು ಸಭೆಯಲ್ಲಿ ಹೇಳಿದಾಗ ನನಗೆ ಗಟ್ಟಿಯಾಗಿ ಎದುರು ಮಾತಾಡಿದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಪೇಪರ್ ಓದಲು ದಿನಾ ಬರುತ್ತಿದ್ದವರು. ಮಂಡಿ ಆಪರೇಷನ್ ಆದ ಮೇಲೆ ಬರುವುದನ್ನು ಬಿಟ್ಟಿದ್ದಾರೆ. “ನಿಮ್ಮ ಕಲ್ಲು, ಸುಣ್ಣ ಎಲ್ಲಾ ಸರಿನಪ್ಪ. ನಾನು ಆ ಐದು ಮೆಟ್ಟಿಲು ಹತ್ತೋದು ಹೇಗೆ? ಒಳಗೆ ಹೋದ್ರೆ ಟಾಯ್ಲೆಟ್ ಎಲ್ಲಿ? ಅದಕ್ಕೇ ನಾನು ಹೊಸದಕ್ಕೆ ಒತ್ತಿದ್ದು” ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಬಂದು ಹೋಗುವ ಹಾಗಿರಬೇಕು. ಹಳೇದು ಅನ್ನುವ ಕಾರಣಕ್ಕೆ ವಿನಾಯಿತಿ ಕೇಳುವುದು ನ್ಯಾಯವಲ್ಲ.

ಮರುದಿನ ಟೇಪ್ ಹಿಡಿದು ಅಳೆದೆವು. ಟಾಯ್ಲೆಟ್ ಹಿಂದಿನ ಹೊಸ ಭಾಗಕ್ಕೆ ಸೇರಿಸಿದರಾಯಿತು, ಅದು ಸುಲಭ. ಮೆಟ್ಟಿಲು ಕಷ್ಟ. ಐದು ಮೆಟ್ಟಿಲಿನ ಎತ್ತರ ಎರಡೂವರೆ ಅಡಿ. ಗಾಲಿಕುರ್ಚಿಯ ರ‍್ಯಾಂಪ್ ಒಂದು ಅಡಿ ಏರಲು 12 ಅಡಿ ಉದ್ದ ಇರಬೇಕು. ಅಲ್ಲಿಗೆ 30 ಅಡಿ. ಮುಂದಿನ ಅಂಗಳದಲ್ಲಿ ಅಷ್ಟು ಉದ್ದ ಇಲ್ಲ. ಪಕ್ಕದ ಕಾಂಪೌಂಡಿನ ಉದ್ದಕ್ಕೂ ತಂದು, ಹಾಲ್‌ನ ಪಕ್ಕದ ಕಿಟಕಿಯೊಂದನ್ನು ಬಾಗಿಲು ಮಾಡಿದರೆ ಸರಿಯಾಗಿ ಕೂರುತ್ತದೆ. ಮೇಸ್ತ್ರಿಯೂ ತಲೆಯಾಡಿಸಿದರು.

ಆದರೆ ಆ ಪಕ್ಕದ ಜಾಗದಲ್ಲಿ ಈಗ ಬಡಾವಣೆಯವರ ಸ್ಕೂಟರ್‌ಗಳು ನಿಲ್ಲುತ್ತವೆ. ಲೈಬ್ರರಿಗೆ ಬರುವವರದ್ದಲ್ಲ, ಅಕ್ಕಪಕ್ಕದ ಮನೆಗಳವರದ್ದು. ರ‍್ಯಾಂಪಿನ ನಕ್ಷೆಯನ್ನು ಗ್ರೂಪಿಗೆ ಹಾಕಿದ ಮೇಲೆ ಸ್ಕೂಟರ್ ಎಲ್ಲಿ ನಿಲ್ಲಿಸೋದು ಅಂತ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಇಡೀ ಕಟ್ಟಡ ಕೆಡವಲು ಒತ್ತಿದವರಲ್ಲೇ ಒಂದಷ್ಟು ಜನ ಈಗ, ಅಷ್ಟೊಂದು ಬದಲಾವಣೆ ಯಾಕೆ, ಇರೋದು ಇದ್ದ ಹಾಗೇ ಇರಲಿ ಬಿಡಿ ಅನ್ನುತ್ತಿದ್ದಾರೆ. ಮೇಷ್ಟ್ರು ಹೊಸ ಪೋಲ್ ಹಾಕೋಣ ಅಂದರು. ನಾನು ಬೇಡ ಅಂದೆ. ಬರುವ ಭಾನುವಾರ ಸ್ಕೂಟರಿನವರನ್ನೆಲ್ಲ ಅಂಗಳಕ್ಕೇ ಕರೆದಿದ್ದೇವೆ. ಬ್ಯಾಂಕಿನ ಹಿರಿಯರೂ ಕುರ್ಚಿ ಹಾಕಿಸಿಕೊಂಡು ಕೂರುತ್ತೇನೆ ಅಂದಿದ್ದಾರೆ.